ಕೆಂಪು ಮಸಿಯ ಷರಾ

ಜನವರಿ 6

ಮಾನ್ಯರೇ,

ನೀವು ಅಂಚೆಯ ಮೂಲಕ ನಡೆಸುವ ಬರವಣಿಗೆ ಕಮ್ಮಟದ ಜಾಹೀರಾತು ನೋಡಿದೆ. ಹೆಸರಾಂತ ಕಾದಂಬರಿಕಾರರಾದ ನೀವೇ ಪ್ರತಿ ಪುಟವನ್ನೂ ಕೈಯಾರೆ ತಿದ್ದಿ ವಾಪಸು ಕಳಿಸುತ್ತೀರಿ ಎಂದು ಅದರಲ್ಲಿದೆ. ಸೇರಬಯಸುವವರು ಕಾರಣ ತಿಳಿಸಬೇಕು ಎಂದೂ ಇದೆ. ನನ್ನ ಕಾರಣ ಇದು.

ನಾನು ಕನ್ನಡಕದ ಅಂಗಡಿ ನಡೆಸುತ್ತೇನೆ. ಮೊದಲು ಗಂಡನ ಜೊತೆ ನಡೆಸುತ್ತಿದ್ದೆ, ಹೋದ ವರ್ಷ ಅವರು ತೀರಿಕೊಂಡರು. ಈಗ ಮನೆಯಲ್ಲಿ ನಾನು, ಕಾಲೇಜಿಗೆ ಹೋಗುವ ಮಗಳು, ಇಬ್ಬರೇ. ಅವರು ಹೋದಾಗಿನಿಂದ ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಜಗಳವೇನೂ ಆಡಿಲ್ಲ. ಹಾಲಿನವನ ಜೊತೆ ಮಾತಾಡುತ್ತಾಳೆ, ಪಕ್ಕದ ಮನೆಯ ನಾಯಿಯ ಜೊತೆ ಗಂಟೆಗಟ್ಟಲೆ ಮಾತಾಡುತ್ತಾಳೆ, ನನ್ನ ಮುಂದೆ ಮಾತ್ರ ತುಟಿ ಪಿಟಕ್ ಅನ್ನುವುದಿಲ್ಲ. ಯಾಕೆ ಎಂದು ಕೇಳಿದರೆ ತಟ್ಟೆ ಎತ್ತಿಕೊಂಡು ತನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಅವಳು ಓದದೆ ಇರಲಾರದಂಥ ಒಂದು ಕಾಗದ ಬರೆದು ಆ ಬಾಗಿಲ ಕೆಳಗೆ ತೂರಿಸಬೇಕು ಎಂದು ಎಷ್ಟೋ ಸಲ ಕೂತಿದ್ದೇನೆ. ‘ಪ್ರೀತಿಯ ಮಗಳೇ’ ಆದ ಮೇಲೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ಆ ಒಂದು ಕಾಗದ ಬರೆಯುವಷ್ಟು ಕಲಿಸಿಕೊಟ್ಟರೆ ಸಾಕು. ಕಥೆ ಕಾದಂಬರಿ ಬರೆದು ಹೆಸರು ಮಾಡುವ ಆಸೆ ನನಗಿಲ್ಲ.

ಇಂತಿ ನಮಸ್ಕಾರಗಳು,
ಕನ್ನಡಕದಂಗಡಿಯವಳು


ಜನವರಿ 20

ಕನ್ನಡಕದಂಗಡಿಯವರಿಗೆ,

ಹೆಸರು ಮಾಡುವ ಆಸೆ ನಿಮಗಿಲ್ಲ ಎಂದು ತಿಳಿದು ಸಾಹಿತ್ಯಲೋಕ ನೆಮ್ಮದಿಯ ಉಸಿರು ಬಿಟ್ಟಿದೆ.

ನಿಮ್ಮನ್ನು ಸೇರಿಸಿಕೊಂಡಿದ್ದೇನೆ. ಯೋಗ್ಯತೆ ನೋಡಿ ಸೇರಿಸಿಕೊಳ್ಳುವುದಾದರೆ ಕಮ್ಮಟವನ್ನು ಮುಚ್ಚಬೇಕಾಗುತ್ತದೆ. ಈ ಸಲದ ತಂಡದಲ್ಲಿ ಸೂರ್ಯೋದಯ ಬಿಟ್ಟು ಬೇರೇನನ್ನೂ ಬರೆಯದ ನಿವೃತ್ತ ಬ್ಯಾಂಕ್ ಮ್ಯಾನೇಜರರಿದ್ದಾರೆ. ವಕೀಲರೊಬ್ಬರಿದ್ದಾರೆ, ಅವರ ಕಥೆಯಲ್ಲಿ ಪ್ರೇಮಿಗಳೂ ಕಟಕಟೆಯಲ್ಲಿ ನಿಂತವರ ಹಾಗೆ ಮಾತಾಡುತ್ತಾರೆ. ಹಲ್ಲಿನ ಡಾಕ್ಟರು ಪ್ರತಿ ಪುಟದಲ್ಲೂ ಯಾರನ್ನಾದರೂ ಸಾಯಿಸುತ್ತಾರೆ, ಬಹುಶಃ ದವಾಖಾನೆಯಲ್ಲಿ ಅವಕಾಶ ಸಿಗದೆ. ಇವರ ನಡುವೆ ನಿಮಗೂ ಒಂದು ಮೂಲೆ ಸಿಗುತ್ತದೆ.

ನಿಯಮ ಕೇಳಿ. ತಿಂಗಳಿಗೆ ಒಂದು ಪುಟ ಕಳಿಸಬೇಕು. ನಾನು ಅದೇ ಪುಟದ ಮೇಲೆ ಕೆಂಪು ಮಸಿಯಲ್ಲಿ ಷರಾ ಬರೆದು ಹಿಂದಿರುಗಿಸುತ್ತೇನೆ. ಪುಟದ ಜೊತೆ ಬರುವ ಚೀಟಿ, ವಿವರಣೆ, ಗೋಳು ಯಾವುದನ್ನೂ ಓದುವುದಿಲ್ಲ, ಅವೆಲ್ಲ ನೇರ ಕಸದ ಬುಟ್ಟಿಗೆ ಹೋಗುತ್ತವೆ. ಬರೆದದ್ದು ನಿಮ್ಮ ಮನೆಯಲ್ಲಿ ನಡೆದದ್ದೋ ಅಲ್ಲವೋ ನನಗೆ ಬೇಕಿಲ್ಲ. ನಿಮ್ಮ ಮಗಳು ಮಾತಾಡಿದರೆಷ್ಟು, ಬಿಟ್ಟರೆಷ್ಟು. ಪುಟ ಮಾತಾಡಬೇಕು.

ಮೊದಲ ಅಭ್ಯಾಸ: ಒಂದು ಕೋಣೆಯನ್ನು ಬರೆಯಿರಿ.

ಕಮ್ಮಟದ ನಿರ್ದೇಶಕ


ಫೆಬ್ರವರಿ 8

ಮಾನ್ಯರೇ,

ನಮ್ಮ ಊಟದ ಕೋಣೆಯನ್ನು ಬರೆದು ಕಳಿಸಿದ್ದೇನೆ. ಜೊತೆಗೆ ಈ ಚೀಟಿ. ನೀವು ಓದುವುದಿಲ್ಲ ಎಂದಿದ್ದೀರಿ, ಆದರೂ ಬರೆಯುತ್ತಿದ್ದೇನೆ. ಓದದವರಿಗೆ ಬರೆಯುವುದು ಎಷ್ಟು ಸಲೀಸು ಎಂದು ಈಗ ಗೊತ್ತಾಗುತ್ತಿದೆ. ಪೆನ್ನು ಎಲ್ಲೂ ನಿಲ್ಲುತ್ತಿಲ್ಲ.

ಜಾಹೀರಾತಿನಲ್ಲಿ ನಿಮ್ಮ ಫೋಟೋ ಇದೆ. ಕನ್ನಡಕ ಮೂಗಿನ ತುದಿಗೆ ಜಾರಿದೆ. ಎರಡು ನಿಮಿಷ ಅಂಗಡಿಗೆ ಬಂದು ಕೂತಿದ್ದರೆ ಕಡ್ಡಿ ಬಗ್ಗಿಸಿ ಸರಿ ಮಾಡಿ ಕಳಿಸುತ್ತಿದ್ದೆ. ಆದರೆ ನಿಮಗೆ ಹಾಗೇ ಇರಬೇಕೇನೋ, ಪ್ರಪಂಚವನ್ನೆಲ್ಲ ಗಾಜಿನ ಮೇಲಿನಿಂದ ನೋಡಲು ಅನುಕೂಲ. ಅಂಥ ಗಿರಾಕಿಗಳನ್ನು ನಾನು ಬಹಳ ಕಂಡಿದ್ದೇನೆ. ಅವರು ಕನ್ನಡಿಯಲ್ಲಿ ಕನ್ನಡಕ ನೋಡುವುದಿಲ್ಲ, ಮುಖ ನೋಡಿಕೊಳ್ಳುತ್ತಾರೆ.

ಮಗಳು ಇವತ್ತೂ ಮಾತಾಡಲಿಲ್ಲ. ಉಪ್ಪು ಬೇಕಿತ್ತು, ಎದ್ದು ಹೋಗಿ ತಾನೇ ತಂದುಕೊಂಡಳು. ಡಬ್ಬಿ ನನ್ನ ಕೈ ಹತ್ತಿರವೇ ಇತ್ತು.

ಕನ್ನಡಕದಂಗಡಿಯವಳು


ಮಾರ್ಚ್ 1

ಕನ್ನಡಕದಂಗಡಿಯವರಿಗೆ,

ಷರಾ ಪುಟದ ಮೇಲೆ ಹಿಡಿಸಲಿಲ್ಲ, ಹಿಂಬದಿಗೂ ಹರಿದಿದೆ. ಸಾರಾಂಶ ಇಲ್ಲಿದೆ.

ನಿಮ್ಮ ಊಟದ ಕೋಣೆ ನೋಡಿದ ಮೇಲೆ ಉಪವಾಸವೇ ಲೇಸು ಅನ್ನಿಸಿತು. ಗೋಡೆಯ ಬಣ್ಣ, ಪರದೆಯ ಬಣ್ಣ, ಮೇಜಿನ ಹೊದಿಕೆಯ ಬಣ್ಣ. ಕಥೆ ಬರೆಯುತ್ತಿದ್ದೀರೋ ಸುಣ್ಣ ಬಳಿಸುತ್ತಿದ್ದೀರೋ. ಮೂರು ಕುರ್ಚಿ ಇವೆ, ಅದರಲ್ಲಿ ಒಂದರ ಮೇಲೆ ಸದಾ ಇಸ್ತ್ರಿಗೆ ಕಾದ ಬಟ್ಟೆಯ ಗುಡ್ಡೆ. ಆ ಬಟ್ಟೆ ಕಥೆಯಲ್ಲಿ ಏನು ಕೆಲಸ ಮಾಡುತ್ತದೆ? ಏನೂ ಇಲ್ಲ. ಮನೆ ಗಲೀಜು ಎಂದು ತಿಳಿಯುತ್ತದೆ, ಅಷ್ಟೇ. ‘ತುಂಬಾ’ ಎಂಬ ಪದವನ್ನು ಬೊಗಸೆಗಟ್ಟಲೆ ಎರಚಿದ್ದೀರಿ.

ಇಡೀ ಪುಟದಲ್ಲಿ ಉಸಿರಾಡುವುದು ಒಂದೇ ಸಾಲು: ‘ಗಂಡ ತೀರಿಕೊಂಡ. ಮುಂದಿನ ವಾರ ಅವಳು ಅಂಗಡಿ ತೆಗೆದಳು.’ ಇದು ಸಂಯಮ. ಅಳು ಇಲ್ಲ, ಎದೆ ಬಡಿದುಕೊಳ್ಳುವುದೂ ಇಲ್ಲ. ಇದು ನಿಮ್ಮ ಜಾಣತನವೆಂದು ನಾನು ನಂಬುವುದಿಲ್ಲ, ಕಣ್ಣು ಮುಚ್ಚಿ ಎಸೆದ ಕಲ್ಲು ಹಣ್ಣಿಗೆ ತಗುಲಿದೆ. ಅಡಿಗೆರೆ ಎಳೆದಿದ್ದೇನೆ.

ಎರಡನೆಯ ಅಭ್ಯಾಸ: ಒಂದು ದುಃಖ.

ನಿರ್ದೇಶಕ


ಮಾರ್ಚ್ 13

ಮಾನ್ಯರೇ,

ನೀವು ಓದದ ಚೀಟಿಯಲ್ಲಿ ಇವತ್ತು ಒಂದು ಸಂತೋಷದ ಸುದ್ದಿ.

ನಿಮ್ಮ ಷರಾ ಬಂದ ದಿನ ಪುಟವನ್ನು ಊಟದ ಮೇಜಿನ ಮೇಲೆ ಬಿಟ್ಟು ಮಲಗಿದ್ದೆ. ಬೆಳಗ್ಗೆ ಎದ್ದು ನೋಡಿದರೆ ನಿಮ್ಮ ಕೆಂಪಕ್ಷರದ ಕೆಳಗೆ ಪೆನ್ಸಿಲ್ ಅಕ್ಷರ. ಮಗಳದು. ‘ಮನೆ ಗಲೀಜು’ ಎಂದಿದ್ದೀರಲ್ಲ, ಅಲ್ಲಿ ಬರೆದಿದ್ದಾಳೆ: ‘ಆ ಕುರ್ಚಿ ಮೇಲೆ ಬಟ್ಟೆ ಯಾಕಿದೆ ಅಂತ ಗೊತ್ತಾಗದವನು ಕಾದಂಬರಿ ಬರೆದಿದ್ದಾನಂತೆ.’ ‘ತುಂಬಾ’ ಇರುವಲ್ಲಿ: ‘ಸ್ವಾಮಿಗಳಿಗೆ ಕೊಬ್ಬು ತುಂಬಾ.’

ಅದು ಅವರು ಕೂರುತ್ತಿದ್ದ ಕುರ್ಚಿ. ಖಾಲಿ ಕಾಣಬಾರದು ಎಂದು ನಾನೇ ಬಟ್ಟೆ ಹಾಕುತ್ತೇನೆ. ಅವಳಿಗೆ ಅದು ತಿಳಿದಿದೆ ಎಂದು ನನಗೆ ತಿಳಿದಿರಲಿಲ್ಲ. ಇಷ್ಟು ದಿನದಲ್ಲಿ ಅವಳಿಂದ ಬಂದ ಮೊದಲ ಮಾತು. ನನಗೆ ಬರೆದದ್ದಲ್ಲ, ನಿಮ್ಮನ್ನು ಬೈದದ್ದು. ಆದರೂ ನಮ್ಮ ಮೇಜಿನ ಮೇಲೆ ಬೈದಿದ್ದಾಳೆ. ನಾನು ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಅದುಮಿಕೊಂಡು ನಕ್ಕೆ.

ನೀವು ಹೊಗಳಿದ ಸಾಲಿನ ಹತ್ತಿರ ಮಾತ್ರ ಅವಳು ಏನೂ ಬರೆದಿಲ್ಲ. ನಿಮ್ಮ ಅಡಿಗೆರೆಯ ಮೇಲೆ ಪೆನ್ಸಿಲ್ ಎಳೆದಿದ್ದಾಳೆ, ಮತ್ತೆ ಮತ್ತೆ, ಕಾಗದ ಹರಿಯುವ ತನಕ.

ಒಂದು ವಿಷಯ ನನಗೆ ಅರ್ಥವಾಯಿತು. ನೀವು ನನ್ನನ್ನು ಬೈದಷ್ಟೂ ಅವಳು ಪೆನ್ಸಿಲ್ ಹಿಡಿಯುತ್ತಾಳೆ. ಆದ್ದರಿಂದ ಈ ಸಲದ ಪುಟವನ್ನು ಬೇಕೆಂದೇ ಕೆಡಿಸಿ ಬರೆದಿದ್ದೇನೆ. ಸಾಲಿಗೊಂದು ಕಣ್ಣೀರು ಹಾಕಿದ್ದೇನೆ, ಚಂದ್ರನನ್ನೂ ಬಿಟ್ಟಿಲ್ಲ. ದಯವಿಟ್ಟು ಕೈ ಬಿಗಿ ಹಿಡಿಯಬೇಡಿ. ಹೊಟ್ಟೆ ತುಂಬ ಉಗಿಯಿರಿ.

ಕನ್ನಡಕದಂಗಡಿಯವಳು


ಏಪ್ರಿಲ್ 2

ಕನ್ನಡಕದಂಗಡಿಯವರಿಗೆ,

‘ಚಂದ್ರನು ನೊಂದ ಹೆಣ್ಣಿನಂತೆ ಬಿಳುಪೇರಿದ್ದನು.’ ಮದುವೆ ಮನೆಯ ಆಲ್ಬಮ್ಮಿನಲ್ಲೂ ಇಂಥ ಸಾಲನ್ನು ನಾಚಿಕೆಯಿಂದ ಹಾಕುತ್ತಾರೆ. ‘ಅವಳ ಕಣ್ಣೀರು ಹೊಳೆಯಾಗಿ ಹರಿದು, ಹೊಳೆ ಕಡಲಾಯಿತು.’ ಪುಟ ಮುಗಿಯುವ ಹೊತ್ತಿಗೆ ನಿಮ್ಮ ನಾಯಕಿಗೆ ಈಜು ಬಂದಿರಬೇಕು.

ಹೋದ ತಿಂಗಳು ಒಂದು ಸಾಲು ಬರೆದವರು ಈ ತಿಂಗಳು ಇದನ್ನು ಬರೆದಿದ್ದೀರಿ ಎಂದರೆ ಆ ಸಾಲು ನಿಮ್ಮದಲ್ಲ, ಕೈತಪ್ಪಿ ಬಂದದ್ದು ಎಂಬ ನನ್ನ ಅನುಮಾನ ಖಚಿತವಾಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಅನ್ನುವಂತೆಯೂ ಇಲ್ಲ, ಕೋಣ ಕಿವಿಯನ್ನಾದರೂ ಅಲ್ಲಾಡಿಸುತ್ತದೆ. ನನ್ನ ಮಸಿ ಮುಗಿದು ಹೊಸ ಸೀಸೆ ತರಿಸಿದ್ದೇನೆ.

ಮೂರನೆಯ ಅಭ್ಯಾಸ: ಸಾಧ್ಯವಾದರೆ ಮನುಷ್ಯರ ಬಗ್ಗೆ ಬರೆಯಿರಿ.

ನಿರ್ದೇಶಕ


ಏಪ್ರಿಲ್ 19

ಮಾನ್ಯರೇ,

ನೀವು ದೊಡ್ಡವರು. ಈ ಸಲ ನಿಮ್ಮ ಉಗಿತ ಅಮೃತದ ಹಾಗಿತ್ತು.

ಪುಟ ಮೇಜಿನ ಮೇಲಿಟ್ಟು ಬಟ್ಟೆ ಒಣಹಾಕುವ ನೆಪದಲ್ಲಿ ಹೊರಗೆ ಹೋದೆ. ಸ್ವಲ್ಪ ಹೊತ್ತಿಗೆ ರೂಮಿನ ಒಳಗಿಂದ ನಗು ಕೇಳಿಸಿತು. ಈಜಿನ ಮಾತಿಗೆ ನಕ್ಕಳೆಂದು ಕಾಣುತ್ತದೆ. ಅವಳ ನಗು ಅವಳಪ್ಪನದೇ, ಮೂಗಿನಿಂದ ಶುರುವಾಗುತ್ತದೆ, ನಾನು ಅದನ್ನು ಮರೆತೇಬಿಟ್ಟಿದ್ದೆ. ನಿಮಗೆ ‘ಕೆಂಪು ಮಸಿ’ ಎಂದು ಹೆಸರಿಟ್ಟಿದ್ದಾಳೆ. ‘ಕೆಂಪು ಮಸಿಗೆ ಮನೆಯಲ್ಲಿ ಯಾರೂ ಕಿವಿಗೊಡುವುದಿಲ್ಲ, ಅದಕ್ಕೇ ಊರವರ ಕಿವಿ ಹಿಂಡುತ್ತಾನೆ’ ಎಂದು ಬರೆದಿದ್ದಾಳೆ.

ನನಗೂ ಧೈರ್ಯ ಬಂತು. ಅದರ ಕೆಳಗೆ ಬರೆದೆ: ‘ನನಗೆ ಈಜು ಬರುವುದಿಲ್ಲ. ನಿಮ್ಮಪ್ಪನಿಗೆ ಚೆನ್ನಾಗಿ ಬರುತ್ತಿತ್ತು.’ ಅವರು ಹೋದ ಮೇಲೆ ಅವರ ಮಾತು ನಾನು ಅವಳ ಹತ್ತಿರ ಎತ್ತಿದ್ದು ಅದೇ ಮೊದಲು.

ಮರುದಿನ ಉತ್ತರ ಇತ್ತು. ಈ ಸಲ ನಿಮಗಲ್ಲ, ನನಗೆ. ‘ಒಂದೇ ವಾರಕ್ಕೆ ಅಂಗಡಿ ಯಾಕೆ ತೆಗೆದೆ?’

ಇದಂತೆ ಕಾರಣ. ಇಷ್ಟು ದಿನ ನಾನು ಏನೇನೋ ಹುಡುಕಿದ್ದೆ. ನೀವು ಸಂಯಮ ಎಂದು ಕೆಂಪು ಗೆರೆ ಎಳೆದು ಮೆಚ್ಚಿದಿರಿ. ಅವಳಿಗೆ ಅದೇ ಸಾಲು ಕಲ್ಲಿನ ಹಾಗೆ ಎದೆಯ ಮೇಲೆ ಕೂತಿದೆ. ನನ್ನ ಕಥೆಯ ಬಗ್ಗೆ ನೀವು ಸರಿಯಾಗಿ ಹೇಳಿದ್ದೀರಿ ಎಂದುಕೊಂಡಿದ್ದ ಒಂದೇ ಮಾತೂ ತಪ್ಪಾಯಿತಲ್ಲ. ಅಷ್ಟು ಪುಸ್ತಕ ಬರೆದವರು ಒಂದು ಸಾಲು ಓದಲಾರದೆ ಹೋದಿರಿ.

‘ಗಿರಾಕಿಗಳು ಕಾಯುತ್ತಿದ್ದರು’ ಎಂದು ಬರೆದೆ, ಹೊಡೆದುಹಾಕಿದೆ. ‘ಮನೆ ನಡೆಯಬೇಕಲ್ಲ’ ಎಂದು ಬರೆದೆ, ಅದನ್ನೂ ಹೊಡೆದುಹಾಕಿದೆ. ಎರಡೂ ಸುಳ್ಳಲ್ಲ, ಆದರೆ ಉತ್ತರವೂ ಅಲ್ಲ. ನಾಲ್ಕು ದಿನದಿಂದ ಅವಳು ಮೇಜಿನ ಹತ್ತಿರ ಬಂದು ಪುಟ ನೋಡಿ ಹೋಗುತ್ತಾಳೆ. ಉತ್ತರ ಬರೆಯುವ ತನಕ ಮಾತು ಮುಂದುವರಿಯಬೇಕು, ಅದಕ್ಕೆ ನಿಮ್ಮ ಬೈಗುಳ ಬೇಕು. ಈ ಸಲದ ಪುಟ ಹೋದ ಸಲಕ್ಕಿಂತ ಅಧ್ವಾನವಾಗಿದೆ. ನಿಮ್ಮ ಮೇಲೆ ಭರವಸೆ ಇಟ್ಟಿದ್ದೇನೆ.

ಕನ್ನಡಕದಂಗಡಿಯವಳು


ಮೇ 5

ಕನ್ನಡಕದಂಗಡಿಯವರಿಗೆ,

ನಿಮ್ಮ ಪುಟವನ್ನು ಬಂದ ಹಾಗೇ ಹಿಂದಿರುಗಿಸಿದ್ದೇನೆ. ಅದರ ಮೇಲೆ ಷರಾ ಬರೆದಿಲ್ಲ. ಮಸಿಗೂ ಮಾನ ಇದೆ.

ಸೂರ್ಯೋದಯದ ಮ್ಯಾನೇಜರರು ಈ ತಿಂಗಳು ಸೂರ್ಯಾಸ್ತ ಬರೆದಿದ್ದಾರೆ, ಅದನ್ನು ಪ್ರಗತಿ ಎನ್ನಬಹುದು. ನೀವು ಮಾತ್ರ ಮುಂದಕ್ಕೆ ಹೆಜ್ಜೆ ಇಟ್ಟಷ್ಟೂ ಹಿಂದಕ್ಕೆ ಹೋಗುತ್ತಿದ್ದೀರಿ. ನಿಮ್ಮ ಹೆಸರನ್ನು ತಂಡದಿಂದ ತೆಗೆದಿದ್ದೇನೆ. ಇನ್ನು ಏನನ್ನೂ ಕಳಿಸಬೇಡಿ. ಅಂಗಡಿ ನೋಡಿಕೊಳ್ಳಿ. ನಿಮ್ಮ ನಾಯಕಿಗೆ ಅದೊಂದಾದರೂ ಬರುತ್ತದೆ.

ನಿರ್ದೇಶಕ


ಮೇ 27

ಮಾನ್ಯರೇ,

ಈ ಲಕೋಟೆಯಲ್ಲಿ ಎರಡು ಕಾಗದಗಳಿವೆ. ಒಂದು ನನ್ನದು, ಇನ್ನೊಂದು ಮಗಳು ನಿಮಗೆ ಬರೆದದ್ದು. ಅವಳದನ್ನು ಬಿಚ್ಚುವ ಮೊದಲು ನನ್ನದನ್ನು ಓದಬೇಕು. ಲಕೋಟೆಯ ಮೇಲೆ ಕೆಂಪಕ್ಷರದಲ್ಲಿ ಹಾಗೇ ಬರೆದಿದ್ದೇನೆ. ಕೆಂಪಿಗೆ ನೀವು ಬೆಲೆ ಕೊಡುತ್ತೀರಿ ಎಂಬ ನಂಬಿಕೆ.

ನೀವು ಪುಟವನ್ನು ಷರಾ ಇಲ್ಲದೆ ವಾಪಸು ಮಾಡಿದಾಗ ನನಗೆ ದಿಕ್ಕು ತೋಚಲಿಲ್ಲ. ಅವಳು ನಿಮ್ಮ ಅಂಚೆಗೆ ಕಾಯುತ್ತಿದ್ದಳು. ಅದನ್ನು ಹಾಗೇ ಮೇಜಿನ ಮೇಲಿಟ್ಟರೆ ಅಲ್ಲಿಗೆ ನಮ್ಮ ಮಾತೂ ಮುಗಿಯುತ್ತಿತ್ತು. ನಿಮ್ಮ ಕಾಗದವನ್ನು ಬಚ್ಚಿಟ್ಟೆ. ಕೆಂಪು ಪೆನ್ನು ತಂದೆ. ನಿಮ್ಮ ಅಕ್ಷರ ನೋಡಿ ನೋಡಿ ಕೈಗೆ ಬಂದಿತ್ತು, ಬಾಲ ಎತ್ತಿಕೊಂಡು ನಡೆಯುವ ಅಕ್ಷರ. ಅಂಗಡಿಯಲ್ಲಿ ಕೂತು ನಿಮ್ಮ ಹಾಗೇ ನನ್ನನ್ನು ಬೈದು ಒಂದು ಷರಾ ಬರೆದೆ. ಅದು ಹೀಗಿದೆ:

‘ಈ ಹೆಂಗಸು ಗಂಡ ಸತ್ತ ಒಂದೇ ವಾರಕ್ಕೆ ಅಂಗಡಿ ತೆಗೆದಳು. ಅದು ಗಟ್ಟಿತನ ಎಂದು ಓದುಗರನ್ನು ನಂಬಿಸಲು ನೋಡುತ್ತಾಳೆ. ಶುದ್ಧ ಸುಳ್ಳು. ಮನೆಯಲ್ಲಿ ಎಲ್ಲಿ ತಿರುಗಿದರೂ ಅವನ ಚಪ್ಪಲಿ, ಅವನ ಟವೆಲು. ಅಂಗಡಿಯಲ್ಲಿ ಬೇರೆಯವರ ಮುಖಗಳಿದ್ದವು. ಓಡಿಹೋದಳು. ಮಗಳು ಬಾಗಿಲ ಹಿಂದೆ ಅಳುವುದು ಕೇಳಿಸುತ್ತಿತ್ತು. ಕೇಳಿಸದವಳ ಹಾಗೆ ಪಾತ್ರೆ ತೊಳೆದಳು. ಒಳಗೆ ಹೋಗಿ ತಬ್ಬಿಕೊಂಡರೆ ತಾನೂ ಅಳಬೇಕಾಗುತ್ತದೆ, ಅಳಲು ಶುರು ಮಾಡಿದರೆ ನಿಲ್ಲುವುದಿಲ್ಲ ಎಂದು ಹೆದರಿದ ಪುಕ್ಕಲು ಹೆಂಗಸು. ಇವಳನ್ನು ತಾಯಿ ಎಂದು ಕರೆಯಲು ಯಾವ ಓದುಗನೂ ಒಪ್ಪುವುದಿಲ್ಲ.’

ನೋಡಿ, ಎಲ್ಲೂ ಪೆನ್ನು ನಿಲ್ಲಲಿಲ್ಲ. ‘ಪ್ರೀತಿಯ ಮಗಳೇ’ ಎಂದು ಶುರು ಮಾಡಿದ್ದರೆ ಇದರಲ್ಲಿ ಒಂದಕ್ಷರವೂ ಬರುತ್ತಿರಲಿಲ್ಲ. ನನ್ನನ್ನು ಬೈಯಲು ನಿಮ್ಮ ಬಾಯಿ ಬೇಕಾಯಿತು.

ಪುಟ ಮೇಜಿನ ಮೇಲಿಟ್ಟೆ. ಅವಳು ರೂಮಿನಿಂದ ಬಂದು ನಿಂತೇ ಓದಿದಳು. ಮುಖ ಕೆಂಪಾಯಿತು. ನಾನು ನಿಂತಿದ್ದ ಕಡೆಗೆ ತಿರುಗಿದಳು. “ಅಮ್ಮ, ಇವನ್ಯಾರು ನಿನ್ನ ಬಗ್ಗೆ ಹೀಗೆಲ್ಲ ಬರೆಯೋಕೆ?” ಅಂದಳು. ನಾನು ಉತ್ತರ ಕೊಡುವ ಮೊದಲೇ ಪುಟ ಎತ್ತಿಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೆಳಗ್ಗೆ ಈ ಕಾಗದವನ್ನು ಮೇಜಿನ ಮೇಲಿಟ್ಟಿದ್ದಳು, ನಿಮ್ಮ ವಿಳಾಸ ಬರೆದು. ಆಮೇಲೆ ಮತ್ತೆ ಮಾತಿಲ್ಲ. ನಿಮ್ಮ ಉತ್ತರಕ್ಕೆ ಕಾಯುತ್ತಿದ್ದಾಳೆ.

‘ಅದು ನಾನು ಬರೆದದ್ದಲ್ಲ’ ಎಂದು ನೀವು ಒಂದು ಸಾಲು ಬರೆದರೆ ಸಾಕು. ಅಮ್ಮ ನಾಟಕ ಆಡಿ ನನ್ನ ಬಾಯಿ ಬಿಡಿಸಿದಳು ಎಂದು ತಿಳಿಯುತ್ತಾಳೆ. ಆಮೇಲೆ ಅವಳು ನನ್ನ ಯಾವ ಮಾತನ್ನೂ ನಂಬುವುದಿಲ್ಲ. ಒಂದು ದಿನ ನಾನೇ ಹೇಳುತ್ತೇನೆ, ಆದರೆ ಅವಳು ನನ್ನ ಹತ್ತಿರ ಕೂತ ಮೇಲೆ. ನಿಮ್ಮನ್ನು ನಾನು ಗೌರವಿಸುವುದಿಲ್ಲ. ನೀವೂ ನನ್ನನ್ನು ಗೌರವಿಸುವುದಿಲ್ಲ. ಆದರೂ ಕೇಳುತ್ತಿದ್ದೇನೆ.

ಕನ್ನಡಕದಂಗಡಿಯವಳು


ಮೇ 27

ಕೆಂಪು ಮಸಿಯವರೇ,

ನೀವು ತಿದ್ದಿದ ಪುಟಗಳ ಮೇಲೆ ಇಷ್ಟು ದಿನ ಪೆನ್ಸಿಲಿನಲ್ಲಿ ಉತ್ತರ ಬರೆಯುತ್ತಿದ್ದವಳು ನಾನು. ಇವತ್ತು ಪೆನ್ನಿನಲ್ಲೇ ಬರೆಯುತ್ತೇನೆ, ಅಳಿಸಲು ಬಾರದ ಹಾಗೆ.

ನಿಮ್ಮ ಕಾದಂಬರಿಯನ್ನು ಕಾಲೇಜಿನ ಗ್ರಂಥಾಲಯದಿಂದ ತಂದೆ. ಅರ್ಧದ ನಂತರದ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಅಲ್ಲಿಯತನಕ ಯಾರೂ ಹೋಗಿಲ್ಲ. ನಾನೂ ಹೋಗಲಿಲ್ಲ. ನಿಮ್ಮ ಪುಸ್ತಕದಲ್ಲಿ ಎಲ್ಲರೂ ಕಿಟಕಿಯ ಬಳಿ ನಿಂತು ಯೋಚಿಸುತ್ತಾರೆ, ಒಬ್ಬರೂ ಪಾತ್ರೆ ತೊಳೆಯುವುದಿಲ್ಲ. ಇಂಥವರು ಬೇರೆಯವರಿಗೆ ಬರೆಯಲು ಕಲಿಸುತ್ತೀರಿ. ಅಹಂಕಾರಿ, ದುರಹಂಕಾರಿ.

ನನ್ನಮ್ಮನ ಬರಹವನ್ನು ಬೈಯಿರಿ. ಚಂದ್ರನ ಸಾಲು ಕೆಟ್ಟದ್ದೇ. ಅಮ್ಮನನ್ನು ಬೈಯಲು ನೀವು ಯಾರು? ಅವಳು ಪಾತ್ರೆ ತೊಳೆದದ್ದು ನಿಜ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು, ಎಷ್ಟೋ ಹೊತ್ತು, ನಲ್ಲಿ ಬಿಟ್ಟುಕೊಂಡು. ನನಗೆ ಕೇಳಿಸುತ್ತಿತ್ತು. ಅಪ್ಪ ಹೋದದ್ದು ಅವಳಿಗೆ ಏನೂ ಅನ್ನಿಸಲಿಲ್ಲ, ಪಾತ್ರೆಯೇ ದೊಡ್ಡದಾಯಿತು ಎಂದು ನಾನು ಅಂದುಕೊಂಡಿದ್ದೆ. ಹೆದರಿದ್ದಳು ಎಂದು ಗೊತ್ತಿರಲಿಲ್ಲ. ನನಗೇ ಗೊತ್ತಿಲ್ಲದ್ದು ನಿಮಗೆ ಹೇಗೆ ಗೊತ್ತಾಯಿತು?

ಹೇಗಾದರೂ ಇರಲಿ. ಹೆದರಿದವರನ್ನು ಪುಕ್ಕಲು ಎನ್ನುವುದು ನೀಚತನ. ಆ ಷರಾ ಹಿಂತೆಗೆದುಕೊಂಡು ಅವಳ ಕ್ಷಮೆ ಕೇಳಿ. ಅವಳನ್ನು ತಾಯಿ ಎಂದು ಕರೆಯುವುದು ಬಿಡುವುದು ನನಗೆ ಬಿಟ್ಟದ್ದು, ನಿಮ್ಮ ಓದುಗರಿಗಲ್ಲ.

ಕನ್ನಡಕದಂಗಡಿಯವರ ಮಗಳು


ಜೂನ್ 11

ಕನ್ನಡಕದಂಗಡಿಯವರ ಮಗಳಿಗೆ,

ನಿಮ್ಮ ಕಾಗದ ತಲುಪಿತು. ಬೈಗುಳದಲ್ಲಿ ಹುರುಪಿದೆ, ಶಿಸ್ತಿಲ್ಲ. ‘ಅಹಂಕಾರಿ’ ಎಂದ ಮೇಲೆ ‘ದುರಹಂಕಾರಿ’ ಎಂದಿದ್ದೀರಿ. ಒಂದನ್ನು ಹೊಡೆದುಹಾಕಿ, ಯಾವುದನ್ನು ಎಂಬುದನ್ನು ನಿಮಗೇ ಬಿಟ್ಟಿದ್ದೇನೆ. ಗ್ರಂಥಾಲಯದ ಪ್ರತಿಯ ಹಾಳೆ ಅಂಟಿಕೊಂಡಿದ್ದಕ್ಕೆ ಮುದ್ರಕನನ್ನು ಕೇಳಬೇಕು.

ಆ ಷರಾ ನನ್ನದೇ. ಹಿಂತೆಗೆದುಕೊಳ್ಳುವ ಮಾತೇ ಇಲ್ಲ. ಇಷ್ಟು ವರ್ಷ ಈ ಕಮ್ಮಟದ ಹೆಸರಿನಲ್ಲಿ ಬರೆದ ಷರಾಗಳಲ್ಲಿ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಅದನ್ನು ಬರೆದವರಿಗೆ ಬರೆಯಲು ಬರುತ್ತದೆ. ಆತ್ಮಪ್ರಶಂಸೆ ಎಂದು ನೀವು ಮೂಗು ಮುರಿಯಬಹುದು, ಮುರಿಯಿರಿ.

ಹೇಗೆ ಗೊತ್ತಾಯಿತು ಎಂದು ಕೇಳಿದ್ದೀರಿ. ನಿಮ್ಮ ತಾಯಿ ಬರೆದು ಕಳಿಸಿದ್ದರಲ್ಲೇ ಎಲ್ಲ ಇತ್ತು. ಮೊದಲ ಸಲ ನಾನು ಓದಲಿಲ್ಲ, ಸಂಯಮ ಎಂದು ಒಂದು ಗೆರೆ ಎಳೆದು ಮುಂದಕ್ಕೆ ಹೋದೆ. ನಿವೃತ್ತ ಮ್ಯಾನೇಜರರೂ ಇಷ್ಟು ದಡ್ಡತನ ಮಾಡುತ್ತಿರಲಿಲ್ಲ. ಅವರಿಗೆ ಇದನ್ನು ತಿಳಿಸುವ ಉದ್ದೇಶ ನನಗಿಲ್ಲ.

ಒಂದೇ ಒಂದು ತಿದ್ದುಪಡಿಗೆ ಒಪ್ಪುತ್ತೇನೆ. ‘ಪುಕ್ಕಲು’ ಎಂಬ ಪದವನ್ನು ತೆಗೆಯಬೇಕು, ಮತ್ತು ಕೊನೆಯ ಸಾಲನ್ನು ಪೂರ್ತಿ ತೆಗೆಯಬೇಕು. ಆ ಸಾಲಿನಲ್ಲಿ ಹೇಳಿರುವುದು ನಿಜವಲ್ಲ ಎಂದು ನಿಮ್ಮ ಕಾಗದದಿಂದ ತಿಳಿಯಿತು. ಇದನ್ನು ನಿಮ್ಮ ತಾಯಿಗೆ ನೀವೇ ಹೇಳಬೇಕು. ಬರೆದು ಮೇಜಿನ ಮೇಲೆ ಇಡುವುದಲ್ಲ, ಎದುರು ಕೂತು ಬಾಯಿ ಬಿಟ್ಟು ಹೇಳಬೇಕು. ಆ ಮೂರನೆಯ ಕುರ್ಚಿಯ ಮೇಲಿನ ಬಟ್ಟೆ ತೆಗೆದು ಅಲ್ಲೇ ಕೂತರೂ ಆಗುತ್ತದೆ.

ಒಂದೇ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ಕೂತು, ನಡುವೆ ನನ್ನನ್ನು ದುಡಿಸಿಕೊಂಡದ್ದು ಸಾಕು.

ನಿರ್ದೇಶಕ